ಪಿಯೆರ್ ಸಿಮೋನ್ ಫೂರ್ನಿಯೆ

ಪಿಯೆರ್ ಸಿಮೋನ್ ಫೂರ್ನಿಯೆ (೧೫ ಸೆಪ್ಟೆಂಬರ್ ೧೭೧೨ – ೮ ಅಕ್ಟೋಬರ್ ೧೭೬೮) ಫ್ರಾನ್ಸಿನ ಅಕ್ಷರ ಕೆತ್ತನೆಗಾರ ಮತ್ತು ಅಚ್ಚುಮೊಳೆ ಎರಕಗಾರ. ಮುದ್ರಣಾಕ್ಷರಗಳ ಗಾತ್ರವನ್ನು ಬಿಂದುಗಳಲ್ಲಿ (ಪಾಯಿಂಟ್) ಅಳೆಯುವ ಪದ್ಧತಿಯನ್ನು ಮೊದಲಿಗೆ ರೂಪಿಸಿ ಪ್ರಕಟಿಸಿದವನು ಈತ. ಅಣ್ಣನಿಂದ ಪ್ರತ್ಯೇಕಿಸಲು ಈತನನ್ನು ಕಿರಿಯ ಫೂರ್ನಿಯೆ ಎಂದು ಕರೆಯುವುದುಂಟು.

'''ಜೀವನ'''

ಫೂರ್ನಿಯೆ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. ತಂದೆ ಜ್ಯಾನ್ ಕ್ಲೋದ್ ಅಲ್ಲಿನ ಹಳೆಯ ಲ ಬೆ ಎರಕಶಾಲೆಯ ಮೇಲ್ವಿಚಾರಕನಾಗಿದ್ದ. ಮುಂದೆ ಅಣ್ಣ ಅದನ್ನು ಕೊಂಡುಕೊಂಡ. ಕಿರಿಯವನು ಚಿತ್ರಕಲೆಯನ್ನು ಅಭ್ಯಾಸ ಮಾಡಿ, ಮರದ ಅಚ್ಚುಗಳ ಕೆತ್ತನೆಯಿಂದ ಉಕ್ಕಿನ ಅಕ್ಷರಮುದ್ರೆಗಳ ಕೆತ್ತನೆಗೆ ಬಂದು, ಸ್ವಂತ ಎರಕಶಾಲೆಯನ್ನು ಸ್ಥಾಪಿಸಿದನು.

'''ಬಿಂದು ಪದ್ಧತಿ'''

ಆ ಕಾಲದಲ್ಲಿ ಅಕ್ಷರಗಾತ್ರಗಳಿಗೆ ಹೆಸರುಗಳಿದ್ದವೇ ಹೊರತು ಖಚಿತ ಅಳತೆಗಳಿರಲಿಲ್ಲ. ಒಂದೇ ಹೆಸರಿನ ಮೊಳೆಗಳು ಒಂದೊಂದು ಎರಕಶಾಲೆಯಲ್ಲಿ ಒಂದೊಂದು ಗಾತ್ರದಲ್ಲಿ ತಯಾರಾಗುತ್ತಿದ್ದವು. ಎರಡು ಕಡೆಯ ಮೊಳೆಗಳನ್ನು ಒಂದೇ ಪುಟದಲ್ಲಿ ಜೋಡಿಸಿದರೆ ಸಾಲುಗಳು ಕೂಡುತ್ತಿರಲಿಲ್ಲ. ಸಂದುಗಳಿಗೆ ಕಾಗದದ ಚೂರುಗಳನ್ನು ತುರುಕಿ ಸರಿಪಡಿಸಬೇಕಾಗಿತ್ತು. ೧೭೨೩ರ ರಾಜಾಜ್ಞೆಯು ಮೊಳೆಗಳ ಎತ್ತರವನ್ನು ಹತ್ತೂವರೆ ಗೆರೆ (ಅಂಗುಲದ ಹನ್ನೆರಡನೆಯ ಒಂದು ಭಾಗ) ಎಂದು ಗೊತ್ತುಪಡಿಸಿತ್ತು. ಗಾತ್ರಗಳ ವಿಷಯದಲ್ಲಾದರೋ ಒಂದಕ್ಕೂ ಇನ್ನೊಂದಕ್ಕೂ ಇರಬೇಕಾದ ಸಂಬಂಧವನ್ನು ಮಾತ್ರ ಹೇಳಿತ್ತು, ಮೂಲಮಾನವನ್ನು ಕೊಟ್ಟಿರಲಿಲ್ಲ.

ಈ ಕೊರತೆಯನ್ನು ತುಂಬಲು ಫೂರ್ನಿಯೆ ೧೭೩೭ರಲ್ಲಿ ಗಾತ್ರಗಳ ಪ್ರಮಾಣಪಟ್ಟಿಯೊಂದನ್ನು ಪ್ರಕಟಿಸಿದನು. ಆತನ ಪದ್ಧತಿಯ ಪರಿಷ್ಕೃತ ರೂಪದಲ್ಲಿ ಅಂಗುಲಕ್ಕೆ ೧೨ ಗೆರೆ, ಗೆರೆಗೆ ೬ ಬಿಂದು, ಅಂದರೆ ಅಂಗುಲಕ್ಕೆ ೭೨ ಬಿಂದುಗಳು. ನಾನ್‌ಪರೇಯ್ ೬ ಬಿಂದು, ಪೆತಿ ತೆಕ್ಸ್ತ್ ೮, ಸಿಸೆರೊ ೧೨. ಆದ್ದರಿಂದ ನಾನ್‌ಪರೇಯ್‌ನ ಎರಡು ಸಾಲು ಸಿಸೆರೊವಿನ ಒಂದು ಸಾಲಿಗೆ ಸರಿಸಮವಾಗಿ ಕೂರುತ್ತಿತ್ತು.

ಪದ್ಧತಿಯ ದೌರ್ಬಲ್ಯವಿದ್ದುದು ಅದರ ಅಂಗುಲದಲ್ಲಿ. ಅದು ರಾಜ್ಯದ ಅಧಿಕೃತ ಅಂಗುಲವಾಗಿರದೆ ಫೂರ್ನಿಯೆ ತಾನೇ ನಿಗದಿಪಡಿಸಿದ, ಅದಕ್ಕಿಂತ ಚಿಕ್ಕದಾದ ಮಾನವಾಗಿತ್ತು. ಇತರರಿಗೆ ದೊರೆತದ್ದು ಕಾಗದದ ಮೇಲೆ ಅಚ್ಚಾದ ಅಳತೆಪಟ್ಟಿ ಮಾತ್ರ. ಅಂದು ಮುದ್ರಣಕ್ಕೆ ಮುನ್ನ ಕಾಗದವನ್ನು ಒದ್ದೆ ಮಾಡುತ್ತಿದ್ದರು; ಒಣಗಿದಾಗ ಅದು ಕುಗ್ಗುತ್ತಿತ್ತು, ಅದರೊಡನೆ ಅಳತೆಯೂ. ಫೂರ್ನಿಯೆಗೆ ಈ ತೊಡಕಿನ ಅರಿವಿತ್ತು. ಆತನ ಬಿಂದು ಸುಮಾರು ೦.೩೫ ಮಿಲಿಮೀಟರ್ ಎಂದಷ್ಟೇ ಇಂದು ಹೇಳಬಹುದು.

'''ಕೃತಿಗಳು'''

೧೭೪೨ರಲ್ಲಿ ಅಕ್ಷರಮಾದರಿಗಳ ಗ್ರಂಥವನ್ನು ಹೊರತಂದನು. ೧೭೫೬ರಲ್ಲಿ ಸಂಗೀತ ಸ್ವರಲಿಪಿಯ ಹೊಸ ಮೊಳೆಗಳನ್ನು ಪ್ರಕಟಿಸಿದಾಗ, ಸಂಗೀತ ಮುದ್ರಣದ ರಾಜಸನ್ನದು ಹೊಂದಿದ್ದ ಬಲಾರ್ ಮನೆತನದ ವಿರೋಧವನ್ನು ಎದುರಿಸಬೇಕಾಯಿತು. ಕೆತ್ತನೆ ಮತ್ತು ಎರಕದ ಕ್ರಮಗಳನ್ನು ವಿವರಿಸುವ ''ಮಾನ್ಯುಯೆಲ್ ಟಿಪೋಗ್ರಾಫೀಕ್'' ಆತನ ಮುಖ್ಯ ಕೃತಿ. ಗುಟ್ಟಾಗಿಯೇ ಉಳಿಯುತ್ತಿದ್ದ ಕಸುಬೊಂದನ್ನು ಹೀಗೆ ಬಿಚ್ಚಿಟ್ಟದ್ದು ಬಿಂದು ಪದ್ಧತಿಗಿಂತ ಸಣ್ಣ ಸಾಧನೆಯೇನಲ್ಲ. ನಾಲ್ಕು ಸಂಪುಟಗಳ ಯೋಜನೆಯಲ್ಲಿ ಎರಡು ಮಾತ್ರ ಹೊರಬಂದವು.

'''ನಂತರದ ಬೆಳವಣಿಗೆ'''

೧೭೮೦ರ ದಶಕದಲ್ಲಿ ಫ್ರಾಂಸ್ವಾ ಆಂಬ್ರ್ವಾಜ್ ದಿದೊ ಬಿಂದುವನ್ನು ಅಧಿಕೃತ ಅಂಗುಲಕ್ಕೆ ಹೊಂದಿಸಿದನು; ಹೊಸ ಬಿಂದು ಸುಮಾರು ೦.೩೭೬ ಮಿಲಿಮೀಟರ್ ಆಯಿತು. ಯುರೋಪಿನ ಬಹುಭಾಗದಲ್ಲಿ ಅದೇ ನೆಲೆಗೊಂಡಿತಾದರೂ ಬೆಲ್ಜಿಯಂನಲ್ಲಿ ಫೂರ್ನಿಯೆಯ ಬಿಂದು ಬಳಕೆಯಲ್ಲಿ ಉಳಿಯಿತು. ೧೮೮೬ರಲ್ಲಿ ಅಮೆರಿಕದ ಎರಕಗಾರರು ತಮ್ಮದೇ ಬಿಂದುವನ್ನು ಅಂಗೀಕರಿಸಿದರು. ಇಂದು ಗಣಕಯಂತ್ರಗಳಲ್ಲಿ, ಕನ್ನಡ ಅಕ್ಷರಗಳಿಗೂ ಸೇರಿದಂತೆ, ಬಳಕೆಯಲ್ಲಿರುವುದು ಇಂಚಿನ ೭೨ನೆಯ ಒಂದು ಭಾಗದಷ್ಟಿರುವ ಬಿಂದು.