ಪಾತಾಳಕ್ಕಿಳಿದ ವಕೀಲರು

ಪರ್ವತಶಿಖರಗಳನ್ನೇರಿದವರ ಕೀರ್ತಿ ಲೋಕವಿಖ್ಯಾತ. ಪಾತಾಳಕ್ಕಿಳಿದವರ ಹೆಸರು ನಮ್ಮ ಕಿವಿಗೆ ಬೀಳುವುದು ಅಪರೂಪ. ಭೂಗೋಳದ ವಿದ್ಯಾರ್ಥಿಯಾದ ನನಗೆ ಅಂಥವರಲ್ಲಿ ಅಗ್ರಗಣ್ಯರಾಗಿ ತೋರುವವರು ಫ್ರಾನ್ಸ್ ದೇಶದ ಎಡ್ವಾರ್ ಆಲ್ಫ್ರೆಡ್ ಮಾರ್ತೆಲರು.

1859ರಲ್ಲಿ ಪ್ಯಾರಿಸ್ಸಿನ ಬಳಿಯ ಪೊಂತ್ವಾಜ್‌ನಲ್ಲಿ ಜನಿಸಿದ ಇವರು ವೃತ್ತಿಯಿಂದ ವಕೀಲರು. ರಜೆ ಬಂತೆಂದರೆ ಕಾನೂನಿನ ಗ್ರಂಥಗಳನ್ನು ಮುಚ್ಚಿಟ್ಟು ದಕ್ಷಿಣ ಫ್ರಾನ್ಸಿನ ಸುಣ್ಣಕಲ್ಲಿನ ಪ್ರಸ್ಥಭೂಮಿಗೆ ಹೊರಟುಬಿಡುತ್ತಿದ್ದರು. ಕಾರ್ಸ್ಟ್ ಎನಿಸಿಕೊಳ್ಳುವ ಇಂಥ ನೆಲದಲ್ಲಿ, ಇಂಗಾಲಾಮ್ಲವನ್ನು ಹೀರಿಕೊಂಡ ಮಳೆನೀರು ಕಲ್ಲನ್ನೇ ಕರಗಿಸಿ ಕುಳಿಗಳನ್ನೂ ಗವಿಗಳನ್ನೂ ಕೊರೆಯುತ್ತದೆ. ಹೊಳೆಗಳು ನೆಲದೊಳಗೆ ಮಾಯವಾಗಿ ಬೇರೆಲ್ಲೋ ಚಿಲುಮೆಯಾಗಿ ಹೊಮ್ಮುತ್ತವೆ.

1888ರಲ್ಲಿ ಮಾರ್ತೆಲರು ಬ್ರಾಮಬಿಯೋ ಎಂಬಲ್ಲಿ ಅಂಥದೊಂದು ಹೊಳೆಯ ಜಾಡು ಹಿಡಿದು ನೆಲದಡಿಯಲ್ಲೇ ಸಾಗಿ ಹೊರಬಂದರು. ಮರುವರ್ಷ ಪಾದಿರಾಕ್‌ನ ಮಹಾಕೂಪಕ್ಕಿಳಿದು, ನೂರು ಮೀಟರಿಗೂ ಕೆಳಗೆ ಹರಿಯುವ ನದಿಯಲ್ಲಿ ಮಡಿಚುವ ದೋಣಿಯನ್ನು ತೇಲಿಬಿಟ್ಟರು. 1895ರಲ್ಲಿ ಇಂಗ್ಲೆಂಡಿನ ಗೇಪಿಂಗ್ ಗಿಲ್ ಎಂಬ ಕಂದರಕ್ಕೆ ಹಗ್ಗದ ಏಣಿಯಲ್ಲಿ ಇಳಿದರು. ಅದೇ ವರ್ಷ ಗುಹಾಶಾಸ್ತ್ರಕ್ಕಾಗಿ ಸಂಘವೊಂದನ್ನು ಸ್ಥಾಪಿಸಿದರು. ಕಂಡ ಗವಿಗಳನ್ನು ಅಳೆದು ನಕ್ಷೆ ಬರೆದಿಡುವುದು ಅವರ ನಿಷ್ಠೆಯಾಗಿತ್ತು.

ಆದರೆ ನಾನು ಅವರನ್ನು ಗೌರವಿಸುವುದು ಕೇವಲ ಸಾಹಸಕ್ಕಾಗಿ ಅಲ್ಲ. 1891ರಲ್ಲಿ ಚಿಲುಮೆಯೊಂದರ ನೀರು ಕುಡಿದು ಅವರು ಕಾಯಿಲೆ ಬಿದ್ದರು. ಮೇಲಿನ ಕುಳಿಯಲ್ಲಿ ಕೊಳೆಯುತ್ತಿದ್ದ ಕರುವಿನ ಹೆಣವೇ ಇದಕ್ಕೆ ಕಾರಣವೆಂದು ತಿಳಿದುಬಂತು. ಮರಳಿನಲ್ಲಿ ಇಂಗಿದ ನೀರು ಸೋಸಲ್ಪಡುತ್ತದೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ನುಗ್ಗುವ ನೀರಿಗೆ ಆ ಭಾಗ್ಯವಿಲ್ಲ. ಮೇಲೂರಿನವರು ಎಸೆದದ್ದನ್ನು ಕೆಳಗಿನವರು ಕುಡಿಯಬೇಕು! ಮಾರ್ತೆಲರು ಈ ಸತ್ಯವನ್ನು ಬಿಡದೆ ಸಾರಿದರು. 1902ರಲ್ಲಿ ಫ್ರಾನ್ಸಿನ ಸಾರ್ವಜನಿಕ ಆರೋಗ್ಯ ಕಾನೂನು ಕುಳಿಗಳಿಗೆ ಹೆಣಗಳನ್ನೆಸೆಯುವುದನ್ನು ನಿಷೇಧಿಸಿತು.

1938ರಲ್ಲಿ ಅವರು ತೀರಿಕೊಂಡರು. ಕಾರ್ಯ ಮಾತ್ರ ನಿಂತಿಲ್ಲ. ಇಂದು ವಿಮಾನದಿಂದ ಬೀರುವ ಲೇಸರ್ ಕಿರಣಗಳು ಕಾಡಿನ ಮರೆಯಲ್ಲಿರುವ ಕುಳಿಗಳನ್ನೂ ತೋರಿಸುತ್ತವೆ. ಗವಿಗಳ ಅಳತೆಯನ್ನೂ, ನೀರಿಗೆ ಬಣ್ಣ ಬೆರೆಸಿ ಕಂಡುಕೊಂಡ ಹರಿವಿನ ದಾರಿಯನ್ನೂ ಅದರೊಡನೆ ಜೋಡಿಸಿ, ಗಣಕಯಂತ್ರದಲ್ಲಿ ನೆಲದೊಳಗಿನ ಡಿಜಿಟಲ್ ನಕ್ಷೆಯನ್ನು ರಚಿಸಬಹುದು. ಯಾವ ಕುಳಿಯ ನೀರು ಯಾವ ಚಿಲುಮೆಗೆ ಸೇರುತ್ತದೆ, ಎಲ್ಲಿ ಕಸ ಸುರಿಯಬಾರದು, ಎಲ್ಲಿ ಕಲ್ಲುಗಣಿ ತೋಡಬಾರದು ಎಂಬುದಕ್ಕೆ ಇದೇ ಆಧಾರ.

ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ನಕ್ಷೆ ತಾನಾಗಿ ನೀರನ್ನು ಕಾಯಲಾರದು. ಅದರ ಬೆನ್ನಿಗೆ ಕಾನೂನೂ ಜನರ ಎಚ್ಚರವೂ ನಿಲ್ಲಬೇಕು. ಗವಿಯನ್ನೂ ಕಾನೂನನ್ನೂ ಬಲ್ಲ ಈ ವಕೀಲರ ಜೀವನದಿಂದ ನಾನು ಕಲಿತ ಪಾಠ ಇದು.