ಪಿಯಾನೋ ಕಲಿತ ಮಹಾರಾಜ

ಎಸ್‌ಜೆಸಿಇ ಅಂದ್ರೆ ನಮಗೆಲ್ಲ ಮೈಸೂರಿನ ಎಂಜಿನಿಯರಿಂಗ್ ಕಾಲೇಜು. ಆ ಹೆಸರಿನಲ್ಲಿರೋ ಜಯಚಾಮರಾಜೇಂದ್ರ ಒಡೆಯರ್ ಪಿಯಾನೋ ನುಡಿಸುತ್ತಿದ್ದರು ಅಂತ ಎಷ್ಟು ಜನಕ್ಕೆ ಗೊತ್ತು?

ಅವರು ಹುಟ್ಟಿದ್ದು 1919ರ ಜುಲೈ 18ರಂದು. ಪಿಯಾನೋ ಕಲಾವಿದ ಆಗಬೇಕು ಅನ್ನೋ ಆಸೆ ಇತ್ತು. ಆದರೆ 1940ರಲ್ಲಿ ತಂದೆ, ದೊಡ್ಡಪ್ಪ ಇಬ್ಬರೂ ತೀರಿಕೊಂಡರು. 21ನೇ ವಯಸ್ಸಿಗೇ ಸಿಂಹಾಸನ ಏರಬೇಕಾಯಿತು.

ಆಗ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರರಿದ್ದರು. ಕಾಲ ಬದಲಾದರೂ ರೊಮ್ಯಾಂಟಿಕ್ ಶೈಲಿ ಬಿಡದವರು, ಹಾಗಾಗಿ ಕೇಳುವವರು ಕಡಿಮೆ. ಪಿಯಾನೋ, ಎರಡು ವಯಲಿನ್, ವಯೋಲಾ, ಚೆಲ್ಲೋ ಸೇರಿದ ಅವರ ಕ್ವಿಂಟೆಟ್ ಮುಗಿಯೋಕೆ ನಲವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಜೊತೆಗೆ ಹೃದಯದ ಕಾಯಿಲೆ. ಒಡೆಯರ್ ಹಣ ಕೊಟ್ಟು ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ರೆಕಾರ್ಡ್ ಮಾಡಿಸಿದರು, ಆ ಕ್ವಿಂಟೆಟ್ಟನ್ನೂ ಸೇರಿಸಿ. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೊವನ್ನು ಒಡೆಯರ್‌ಗೆ ಅರ್ಪಿಸಿದರು. 1951ರಲ್ಲಿ ತೀರಿಹೋದರು.

ಒಡೆಯರ್ ಮುಂದೆ ಕರ್ನಾಟಕ ಸಂಗೀತದಲ್ಲೂ 94 ಕೃತಿ ರಚಿಸಿದರು. 1953ರಲ್ಲಿ ನಮ್ಮ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ರಾಜಪ್ರಮುಖರಾಗಿದ್ದವರೂ ಅವರೇ. 1974ರಲ್ಲಿ ನಿಧನರಾದರು.

ಅವರು ಉಳಿಸಿಕೊಟ್ಟ ಆ ರೆಕಾರ್ಡಿಂಗ್‌ಗಳು ಇವತ್ತಿಗೂ ಸಿಗುತ್ತವೆ. ಹಾಸ್ಟೆಲ್‌ನಲ್ಲಿ ಇಯರ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ ನೋಡಿ.