ಅಡವಿಯ ವೈದ್ಯರಾದ ಹ್ಯೂ ಕ್ಲೆಗ್‌ಹಾರ್ನ್

ಹರಿಹರದ ಬಳಿಯಲ್ಲಿ ತುಂಗಭದ್ರೆಯನ್ನು ಕಂಡವರು, ಆ ನೀರು ಯಾವ ಯಾವ ನೆಲವನ್ನು ಹಾದು ಬಂದಿತೆಂಬುದನ್ನು ಯೋಚಿಸುವುದು ಅಪರೂಪ. ತುಂಗೆಯೂ ಭದ್ರೆಯೂ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಮಲೆನಾಡಿನ ಅಡವಿಗಳಲ್ಲಿ ಹರಿದು, ಶಿವಮೊಗ್ಗೆಯ ಸಮೀಪದ ಕೂಡಲಿಯಲ್ಲಿ ಸಂಗಮವಾಗಿ, ಹೊನ್ನಾಳಿಯನ್ನು ದಾಟಿ ನಮ್ಮ ಸೀಮೆಗೆ ಬರುತ್ತವೆ. ದಾವಣಗೆರೆಯ ಸುತ್ತಣ ಗದ್ದೆಗಳಿಗೂ ಭದ್ರೆಯ ನಾಲೆಯೇ ಆಧಾರ. ಅಡವಿಗೂ ನೆಲಕ್ಕೂ ನೀರಿಗೂ ಇರುವ ನಂಟನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸರ್ಕಾರದ ಮನಸ್ಸಿಗೆ ತಂದವರಲ್ಲಿ ಡಾಕ್ಟರ್ ಹ್ಯೂ ಕ್ಲೆಗ್‌ಹಾರ್ನ್ ಪ್ರಮುಖರು.

ಇವರು 1820ರಲ್ಲಿ ಮದರಾಸಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಸ್ಕಾಟ್ಲೆಂಡಿಗೆ ಹೋಗಿ, ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗಮಾಡಿ, 1842ರಲ್ಲಿ ಕಂಪೆನಿಯ ವೈದ್ಯರಾಗಿ ಹಿಂದಿರುಗಿದರು. ಕೆಲಕಾಲದ ಮೇಲೆ ಶಿವಮೊಗ್ಗೆಯಲ್ಲಿ ನೇಮಕವಾಗಲು, ದಿನಕ್ಕೊಂದು ಗಿಡವನ್ನು ಪರೀಕ್ಷಿಸಿ, ಈ ದೇಶದ ಚಿತ್ರಕಾರನೊಬ್ಬನಿಂದ ಅದರ ಚಿತ್ರವನ್ನು ಬರೆಯಿಸುವ ನಿಯಮವನ್ನಿಟ್ಟುಕೊಂಡರು. ಅಡವಿಯು ಕ್ಷೀಣಿಸುತ್ತಿದ್ದುದನ್ನು ಕಣ್ಣಾರೆ ಕಂಡು ವ್ಯಥೆಪಟ್ಟರು.

ಅಡವಿಯೆಂದರೆ ಮರಗಳ ಗುಂಪು ಮಾತ್ರವಲ್ಲ. ಉದುರಿದ ಎಲೆಯನ್ನು ಹುಳುಗಳೂ ಅಣಬೆಗಳೂ ಕರಗಿಸಿ ಗೊಬ್ಬರವಾಗಿಸುವುವು. ಆ ಗೊಬ್ಬರದಿಂದ ಬೇರುಗಳು ಪೋಷಣೆ ಹೊಂದುವುವು. ಬೇರುಗಳು ಮಣ್ಣನ್ನು ಹಿಡಿದಿಡುವುವು. ಸಡಿಲವಾದ ಮಣ್ಣು ಮಳೆಯನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಹಳ್ಳಕ್ಕೆ ಬಿಡುವುದು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಹರಡುವುವು. ಈ ಸರಪಣಿಯ ಒಂದು ಕೊಂಡಿ ಕಳಚಿದರೆ ಮಣ್ಣು ಕೊಚ್ಚಿಹೋಗಿ, ಕೆಳಗಿನ ಕೆರೆಗಳಲ್ಲಿ ಹೂಳು ತುಂಬುವುದು.

ಕ್ಲೆಗ್‌ಹಾರ್ನರು ಅಸ್ವಸ್ಥರಾಗಿ ಸ್ವದೇಶಕ್ಕೆ ಹೋಗಿದ್ದಾಗ, ಉಷ್ಣದೇಶಗಳ ಅರಣ್ಯನಾಶದ ಫಲಗಳನ್ನು ಕುರಿತು ಬ್ರಿಟಿಷ್ ವಿಜ್ಞಾನ ಸಂಘಕ್ಕೆ ಇತರ ಮೂವರೊಡನೆ 1851ರಲ್ಲಿ ವರದಿಯನ್ನು ಸಲ್ಲಿಸಿದರು. 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಕರಾದರು. ಆಗ ರೈಲು ಹಳಿಯ ಅಡಿಮರಗಳಿಗೂ ಉರುವಲಿಗೂ ಅಪಾರವಾಗಿ ಮರಗಳು ಬೀಳುತ್ತಿದ್ದುವು. ಇವರು ಮರಕಡಿತಕ್ಕೆ ಕಟ್ಟುಪಾಡನ್ನು ವಿಧಿಸಿ, ಹೊಸ ತೋಪುಗಳನ್ನು ಬೆಳೆಸಲು ಶ್ರಮಿಸಿದರು. ತಮ್ಮ ಅನುಭವವನ್ನು 1861ರಲ್ಲಿ ದಕ್ಷಿಣ ಭಾರತದ ಅರಣ್ಯಗಳನ್ನೂ ತೋಟಗಳನ್ನೂ ಕುರಿತ ಗ್ರಂಥವಾಗಿ ಪ್ರಕಟಿಸಿದರು.

ಇವರ ಕಾರ್ಯದಲ್ಲಿ ಇನ್ನೊಂದು ಮುಖವೂ ಉಂಟು. ಗುಡ್ಡದ ಮರಗಳನ್ನು ಕಡಿದು ಸುಟ್ಟು, ಬೂದಿಯಲ್ಲಿ ಧಾನ್ಯ ಬಿತ್ತುವ ಕುಮರಿ ಬೇಸಾಯವನ್ನು ಇವರು ಬಲವಾಗಿ ವಿರೋಧಿಸಿದರು. 1860ರಲ್ಲಿ ಮದರಾಸು ಸರ್ಕಾರವು ಅದಕ್ಕೆ ತಡೆ ಹಾಕಿತು. ಸರ್ಕಾರದ ರೈಲಿಗೆ ಮರವು ದೊರೆಯುತ್ತಲೇ ಇರಲು, ತಲೆತಲಾಂತರದಿಂದ ಗುಡ್ಡವನ್ನೇ ನಂಬಿದ್ದ ಬಡಜನರ ಅನ್ನಕ್ಕೆ ಕೊರತೆಯುಂಟಾಯಿತು. ಮನುಷ್ಯನೂ ಅಡವಿಯ ಸರಪಣಿಯಲ್ಲೊಂದು ಕೊಂಡಿಯೆಂಬುದನ್ನು ಆ ಕಾಲದ ಅಧಿಕಾರಿಗಳು ಸಾಕಷ್ಟು ಗಣಿಸಲಿಲ್ಲ.

ಪಂಜಾಬಿನ ಅರಣ್ಯಗಳಲ್ಲಿಯೂ ಸೇವೆಮಾಡಿ, ಸ್ವದೇಶಕ್ಕೆ ಮರಳಿದ ಕ್ಲೆಗ್‌ಹಾರ್ನರು 1895ರಲ್ಲಿ ಕಾಲವಾದರು. ಮಾತಾಪಿತೃಗಳೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳನ್ನು ಹೊಳೆಯ ದಡಕ್ಕೆ ಕರೆದೊಯ್ದಾಗ, ಕಾಣುವ ನೀರಿನೊಡನೆ ಕಾಣದ ಅಡವಿಯನ್ನೂ, ಅದನ್ನು ನಂಬಿ ಬಾಳುವವರನ್ನೂ ಅವರಿಗೆ ತಿಳಿಯಹೇಳಲಿ. ಮೇಲಿನವರ ಬಾಳೂ ಕೆಳಗಿನವರ ಬಾಳೂ ಒಂದೇ ಹೊಳೆಯಿಂದ ಬೆಸೆದಿವೆ.